ಮಸ್ಕಿಯ ಬಂಡೆ, ನನ್ನ ಕೆಟ್ಟ ಫೋಟೋ ಮತ್ತು ನಾಲ್ಕು ಅಕ್ಷರ

ಮೊದಲೇ ಹೇಳಿಬಿಡ್ತೀನಿ, ನನಗೆ ಫೋಟೋ ತೆಗೆಯೋಕೆ ಬರೋದಿಲ್ಲ. ಮನೆಯ ಹುಟ್ಟುಹಬ್ಬದ ಫೋಟೋಗಳಲ್ಲಿ ಕೇಕು ಚೆನ್ನಾಗಿ ಬಂದಿರುತ್ತೆ, ಮಗುವಿನ ತಲೆ ಅರ್ಧ ಹೋಗಿರುತ್ತೆ. ಆದರೂ ಮಸ್ಕಿಯ ಅಶೋಕನ ಶಾಸನದ ಒಂದು ಒಳ್ಳೆ ಫೋಟೋ ನನ್ನ ಹತ್ತಿರ ಇರಬೇಕು ಅಂತ ಬಹಳ ದಿನದಿಂದ ಆಸೆ ಇತ್ತು. ಸಿಂಧನೂರಿನವನಾಗಿ, ಶಾಲೆಯಲ್ಲಿ ಹತ್ತಾರು ಸಲ "ಅಶೋಕನ ಹೆಸರಿರುವ ಶಾಸನ ಯಾವುದು?" ಅನ್ನೋ ಒಂದು ಅಂಕದ ಪ್ರಶ್ನೆಗೆ ಉತ್ತರ ಬರೆದವನಾಗಿ, ಅಷ್ಟು ಆಸೆ ಪಡೋ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಲಿಂಗಸುಗೂರಿನ ಸೋದರಮಾವನ ಮನೆಗೆ ಹೊರಟಿದ್ದೆ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲೇ ಮಸ್ಕಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಕ್ಯಾಂಪುಗಳು ಎಲ್ಲ ಹಿಂದೆ ಸರಿದು, ಬೋಳು ಗುಡ್ಡಗಳೂ ಬಂಡೆಗಳೂ ಶುರುವಾಗುವಲ್ಲಿ ಊರು ಬರುತ್ತದೆ. ನಾನು ಓದುವಾಗ ಲಿಂಗಸುಗೂರು ತಾಲ್ಲೂಕಿನಲ್ಲಿತ್ತು, ಈಗ ಅದೇ ಒಂದು ತಾಲ್ಲೂಕು. ಬಸ್ಸಿಳಿದು, ಒಂದು ಸೋಡಾ ಕುಡಿದು, ಉರಿಬಿಸಿಲಲ್ಲಿ ಗುಡ್ಡದ ಕಡೆ ನಡೆದೆ. ಬುದ್ಧಿ ಇದ್ದವರು ಆ ಹೊತ್ತಿನಲ್ಲಿ ಹೋಗೋದಿಲ್ಲ.

ದುರ್ಗದ ಗುಡ್ಡ ಅನ್ನುವ ಆ ಗುಡ್ಡದಲ್ಲಿ, ಗವಿಯಂಥ ಜಾಗದ ಬಂಡೆಯ ಮೇಲೆ ಶಾಸನ ಇದೆ. ಸುಮಾರು 2,200 ವರ್ಷ ಹಳೆಯದು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಅಲ್ಲೊಂದು ಇಲ್ಲೊಂದು ಗೀರು ಅಕ್ಷರದ ಹಾಗೆ ಕಾಣತೊಡಗಿತು. ಮೊಬೈಲ್ ತೆಗೆದು ಫ್ಲಾಷ್ ಹಾಕಿ ಏಳೆಂಟು ಸಲ ಒತ್ತಿದೆ. ಬಸ್ಸಿನಲ್ಲಿ ಕೂತು ನೋಡಿದರೆ... ಬಂಡೆ. ಬರೀ ಬಂಡೆ. ಕಂದು ಬಣ್ಣದ, ಚಕ್ಕೆ ಎದ್ದ, ನಡುವೆ ಬೆಳ್ಳಗೆ ಫ್ಲಾಷ್ ಹೊಡೆದ ಬಂಡೆ. ಅಶೋಕನೂ ಇಲ್ಲ, ಅವನ ಧರ್ಮವೂ ಇಲ್ಲ.

ಲಿಂಗಸುಗೂರಿನಲ್ಲಿ ಮಾಮಾ ಹಿಂದೆ ಫೋಟೋ ಸ್ಟುಡಿಯೋ ಇಟ್ಟಿದ್ದರು. ಡಿಜಿಟಲ್ ಬಂದ ಮೇಲೆ ಮುಚ್ಚಿದರು. ಅವರ ಸ್ಟುಡಿಯೋಕ್ಕೆ ಸುತ್ತಲಿನ ಹಳ್ಳಿಗಳಲ್ಲಿ ಹೆಸರಿದ್ದದ್ದು ಫೋಟೋಕ್ಕಿಂತ ಹೆಚ್ಚಾಗಿ ಬೇರೊಂದು ಕೆಲಸಕ್ಕೆ. ತೀರಿಹೋದವರ ಒಂದೇ ಒಂದು ಫೋಟೋ ಇದೆ, ಅದೂ ಸರಿಯಿಲ್ಲ, ಅಲುಗಾಡಿದೆ, ಗೆದ್ದಲು ತಿಂದಿದೆ, ಮದುವೆ ಗುಂಪಿನಲ್ಲಿ ಮೂರನೇ ಸಾಲಿನಲ್ಲಿದ್ದಾರೆ... ಇಂಥದ್ದನ್ನು ತಂದುಕೊಟ್ಟರೆ ಮಾಮಾ ಅದರ ಮೇಲೆ ಪೆನ್ಸಿಲ್‌ನಿಂದ ಚೌಕುಳಿ ಗೆರೆ ಎಳೆದು, ಕ್ಯಾನ್ವಾಸಿನ ಮೇಲೆ ಅದೇ ಚೌಕುಳಿಗಳನ್ನು ದೊಡ್ಡದಾಗಿ ಎಳೆದು, ಒಂದೊಂದೇ ಮನೆ ತುಂಬುತ್ತ ಎಣ್ಣೆಬಣ್ಣದ ಚಿತ್ರ ಮಾಡಿ ಕೊಡುತ್ತಿದ್ದರು. ಗೋಡೆಗೆ ಹಾಕಿ, ಮಾಲೆ ಹಾಕಿ, ಊದಿನಕಡ್ಡಿ ಹಚ್ಚಲು ಯೋಗ್ಯವಾದ ಚಿತ್ರ. ನಿಮ್ಮ ಮನೆಯಲ್ಲೂ ಒಂದಿರಬಹುದು, ಎದ್ದು ನೋಡಿ.

ನನ್ನ ಫೋಟೋ ನೋಡಿ ಮಾಮಾ ನಕ್ಕರು.

"ಇದರಾಗ ಏನೂ ಕಾಣವಲ್ದಲ್ಲೋ ಅಳಿಯಾ."

"ಹೌದು ಮಾಮಾ, ಬಿಸಿಲು ಜಾಸ್ತಿ ಇತ್ತು."

"ಬಿಸಿಲಿಗ್ಯಾಕ ಬೈತಿ? ಎದುರಿಗೆ ಫ್ಲಾಷ್ ಹೊಡದಿ, ನೆರಳು ಸತ್ತು ಹೋತು. ಕಲ್ಲಾಗ ಕೆತ್ತಿದ್ದು ಕಾಣೋದು ನೆರಳಿನಿಂದ. ಹೋಗ್ಲಿ ಬಿಡು, ಚಿತ್ರ ತೆಗಿ. ಬಣ್ಣ ನಾ ಕೊಡ್ತೀನಿ."

ಮಾಮಾ ಹೇಳಿದ್ದು ಶಾಸನ ಓದುವವರಿಗೆಲ್ಲ ಗೊತ್ತಿರುವ ಮಾತೇ. ಕಲ್ಲಿನ ಅಕ್ಷರಕ್ಕೆ ಬೇರೆ ಬಣ್ಣ ಇರುವುದಿಲ್ಲ. ಅಕ್ಷರವೂ ಅದೇ ಕಲ್ಲು, ಸುತ್ತಲಿನದೂ ಅದೇ ಕಲ್ಲು. ಬೆಳಕು ಒಂದು ಬದಿಯಿಂದ ಓರೆಯಾಗಿ ಬಿದ್ದರೆ ಗೀರಿನ ಒಂದು ಅಂಚು ಹೊಳೆದು ಇನ್ನೊಂದು ಅಂಚು ಕಪ್ಪಾಗುತ್ತದೆ, ಆಗ ಅಕ್ಷರ ಎದ್ದು ನಿಲ್ಲುತ್ತದೆ. ನೆತ್ತಿಯ ಮೇಲಿನ ಸೂರ್ಯ, ಎದುರಿನ ಫ್ಲಾಷ್ ಎರಡೂ ಅದನ್ನು ಕೊಲ್ಲುತ್ತವೆ. ಅದಕ್ಕೇ ಹಿಂದೆ ಶಾಸನದ ಫೋಟೋ ತೆಗೆಯುವ ಮೊದಲು ಗೀರುಗಳಿಗೆ ಚಾಕ್‌ಪುಡಿಯನ್ನೋ ಸುಣ್ಣವನ್ನೋ ತುಂಬುವ ಅಭ್ಯಾಸ ಇತ್ತು. ಕಲ್ಲಿಗೆ ಅದು ಒಳ್ಳೆಯದಲ್ಲ ಅನ್ನೋದು ಒಂದು ಕಡೆ. ಇನ್ನೊಂದು ಕಡೆ, ಸುಣ್ಣ ತುಂಬುವವನಿಗೆ ಯಾವುದು ಅಕ್ಷರ, ಯಾವುದು ಬಿರುಕು ಅಂತ ಮೊದಲೇ ತೀರ್ಮಾನ ಮಾಡಬೇಕಾಗುತ್ತೆ. ಅಂದರೆ ಕ್ಯಾಮೆರಾ ಕ್ಲಿಕ್ ಅನ್ನುವ ಮೊದಲೇ ಯಾರೋ ಒಬ್ಬ ಬಂಡೆಯ ಮೇಲೆ ಚಿತ್ರ ಬರೆದಾಗಿದೆ!

ಮಾರನೇ ದಿನ ಮಂಡಾಳ ಒಗ್ಗರಣಿ, ಮಿರ್ಚಿ ತಿಂದು, ಪಡಸಾಲೆಯಲ್ಲಿ ಹಲಗೆ ಇಟ್ಟುಕೊಂಡು ಕೂತೆ. ಫೋಟೋವನ್ನು ಪಕ್ಕದ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಚೌಕುಳಿ ಎಳೆದಿದ್ದೆವು. ಜಲವರ್ಣ. ಶಾಲೆ ಬಿಟ್ಟ ಮೇಲೆ ಬ್ರಷ್ ಹಿಡಿದದ್ದು ಅದೇ ಮೊದಲು. ಬಂಡೆ ಬರೆಯುವುದು ಅಷ್ಟು ಕಷ್ಟವಲ್ಲ, ಖುಷಿಯ ಕೆಲಸ. ಕೆಂಪುಗಂದು, ಬೂದಿ, ಅಲ್ಲಲ್ಲಿ ಹಳದಿ ಮಿಶ್ರ ಕಲೆ. ಫೋಟೋದಲ್ಲಿ ಬರೀ ಕೊಳಕಾಗಿ ಕಂಡದ್ದು ಬಣ್ಣದಲ್ಲಿ ಬಂಡೆಯೇ ಆಗಿ ಕಾಣುತ್ತಿತ್ತು. ನನ್ನ ಬಗ್ಗೆ ನನಗೇ ಹೆಮ್ಮೆ ಆಗತೊಡಗಿತು. ಆಮೇಲೆ ಅಕ್ಷರಗಳಿಗೆ ಕೈ ಹಾಕಿದೆ.

ಮೊದಲ ಸಾಲು ಬರೆದು ಮುಗಿಸಿದ ಹೊತ್ತಿಗೆ ಮಾಮಾ ಚಹಾ ತಂದರು. ಕನ್ನಡಕ ಏರಿಸಿ, ಒಮ್ಮೆ ಪ್ರಿಂಟ್ ನೋಡಿದರು, ಒಮ್ಮೆ ನನ್ನ ಚಿತ್ರ ನೋಡಿದರು. ಅವರಿಗೆ ಬ್ರಾಹ್ಮಿ ಲಿಪಿಯ ಗಂಧವೂ ಇಲ್ಲ. ಆದರೆ ಚೌಕುಳಿ ತಾಳೆ ನೋಡುವುದರಲ್ಲಿ ನಲವತ್ತು ವರ್ಷ ಕಳೆದವರು.

"ಈ ಮೂರು ಮನಿಯೊಳಗ ಫೋಟೋದಾಗ ಬರೇ ಬಿಳೀ ಮಬ್ಬು ಐತಿ. ನಿನ್ನ ಚಿತ್ರದಾಗ ನಾಕು ಅಕ್ಷರ ಖಡಕ್ ಕುಂತಾವ. ಎಲ್ಲಿಂದ ಬಂದ್ವು?"

ನೋಡಿದೆ. ನಿಜ. ಫ್ಲಾಷ್ ಸರಿಯಾಗಿ ಹೊಡೆದಿದ್ದ ಜಾಗ ಅದು. ಅಲ್ಲಿ ನನ್ನ ಕೈ ತಾನಾಗಿಯೇ ಬರೆದಿತ್ತು: ಅ, ಸೋ, ಕ, ಸ. ಬ್ರಾಹ್ಮಿಯಲ್ಲಿ ಅದನ್ನು ಬರೆಯುವುದು ಸುಲಭ. ಅದರಲ್ಲೂ 'ಕ' ಅಂದರೆ ಗಣಿತದ ಕೂಡುವ ಚಿಹ್ನೆ ಅಷ್ಟೇ, ನಮ್ಮ ಇವತ್ತಿನ 'ಕ'ದ ಮುತ್ತಜ್ಜ. 'ಅಸೋಕಸ', ಅಂದರೆ 'ಅಶೋಕನ'. ಪುಸ್ತಕಗಳಲ್ಲಿ ನೂರು ಸಲ ನೋಡಿದ್ದೆ. ಬಂಡೆಯಲ್ಲಿ ಇದೆ ಅಂತ ಗೊತ್ತಿತ್ತು. ಗೊತ್ತಿದ್ದದ್ದನ್ನು ಬರೆದೆ, ಕಂಡದ್ದನ್ನಲ್ಲ.

ಬೇರೆ ಯಾವ ಅಕ್ಷರವಾಗಿದ್ದರೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಇವು ಮಸ್ಕಿಗೆ ಇರುವ ಅಷ್ಟೂ ಹೆಸರಿಗೆ ಕಾರಣವಾದ ನಾಲ್ಕು ಅಕ್ಷರ. ಯಾಕೆ ಅಂತ ಸ್ವಲ್ಪ ಹಿಂದಕ್ಕೆ ಹೋಗಿ ಹೇಳಬೇಕು.

1837ರಲ್ಲಿ ಕಲ್ಕತ್ತೆಯಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ. ದೆಹಲಿ, ಅಲಹಾಬಾದಿನ ಕಂಬಗಳು ಮಾತಾಡತೊಡಗಿದವು. ಆದರೆ ಮಾತಾಡುವವನು ಯಾರು? ತನ್ನನ್ನು "ದೇವಾನಾಂಪಿಯ ಪಿಯದಸಿ" ಅಂದರೆ ದೇವತೆಗಳಿಗೆ ಪ್ರಿಯನಾದ, ಪ್ರಿಯದರ್ಶಿಯಾದ ರಾಜ ಅಂತ ಕರೆದುಕೊಳ್ಳುತ್ತಾನೆ, ಹೆಸರು ಹೇಳುವುದಿಲ್ಲ. ಸಿಂಹಳದ ರಾಜನೊಬ್ಬನಿಗೆ ದೇವಾನಾಂಪಿಯ ಎಂಬ ಬಿರುದು ಇದ್ದದ್ದರಿಂದ ಪ್ರಿನ್ಸೆಪ್ ಮೊದಲು ಇವನು ಆ ಕಡೆಯವನೇ ಇರಬೇಕು ಅಂದುಕೊಂಡ. ಸಿಂಹಳದಲ್ಲಿ ಕೆಲಸದಲ್ಲಿದ್ದ ಜಾರ್ಜ್ ಟರ್ನೌರ್ ಅಲ್ಲಿನ ಪಾಲಿ ಗ್ರಂಥವಾದ ದೀಪವಂಸದಲ್ಲಿ ಪಿಯದಸ್ಸಿ ಎಂದರೆ ಚಂದ್ರಗುಪ್ತನ ಮೊಮ್ಮಗ ಅಶೋಕನೇ ಅನ್ನುವುದನ್ನು ಕಂಡುಹಿಡಿದು ತಿಳಿಸಿದ. ಸರಿ, ಗಂಟು ಬಿಚ್ಚಿತು. ಆದರೆ ಸಾಕ್ಷಿ ಇದ್ದದ್ದು ಪುಸ್ತಕದಲ್ಲಿ, ಅದೂ ಸಮುದ್ರದಾಚೆಯ, ಅಶೋಕನ ನಂತರ ಎಷ್ಟೋ ಶತಮಾನಕ್ಕೆ ಬರೆದ ಪುಸ್ತಕದಲ್ಲಿ. ಗುಜರಾತಿನ ಜುನಾಗಢದ ಬಂಡೆಯಲ್ಲಿ ಕ್ರಿ.ಶ. 150ರ ಸುಮಾರಿಗೆ ರುದ್ರದಾಮ 'ಮೌರ್ಯ ಅಶೋಕ' ಅಂತ ಬರೆಸಿದ್ದಾನೆ ನಿಜ, ಆದರೆ ಅದು ಬೇರೆ ರಾಜನ ಮಾತು. ಅಶೋಕನ ಸ್ವಂತ ಶಾಸನಗಳಲ್ಲಿ, ಉತ್ತರದಿಂದ ದಕ್ಷಿಣದವರೆಗೆ ಅಷ್ಟು ಬಂಡೆ, ಅಷ್ಟು ಕಂಬ ಸಿಕ್ಕರೂ, ಎಲ್ಲೂ ಅವನ ಹೆಸರು ಇರಲಿಲ್ಲ.

ನಮ್ಮ ಕಡೆ 1892ರಲ್ಲಿ ಬಿ.ಎಲ್. ರೈಸ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನು ಕಂಡುಹಿಡಿದ. ಅಲ್ಲೂ ಬರೀ 'ದೇವಾನಂಪಿಯ'. ತಮಾಷೆ ಅಂದರೆ ಅಲ್ಲಿ ರಾಜನ ಹೆಸರಿಲ್ಲ, ಬರೆದವನ ಹೆಸರಿದೆ! ಚಪಡ ಅಂತ. ತಾನು ಲಿಪಿಕರ ಅನ್ನೋದನ್ನು ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದು ಸಹಿ ಹಾಕಿದ್ದಾನೆ. ಎಲ್ಲಿಂದ ಎಲ್ಲಿಗೆ ಬಂದ ಮನುಷ್ಯನೋ.

ಆಮೇಲೆ 1915. ಮಸ್ಕಿ ಆಗ ಹೈದರಾಬಾದ್ ನಿಜಾಮನ ಸಂಸ್ಥಾನದಲ್ಲಿತ್ತು. ಈ ಭಾಗದಲ್ಲಿ ಚಿನ್ನ ಹುಡುಕುವ ಕೆಲಸ ನಡೆದಿತ್ತು. ಲಿಂಗಸುಗೂರಿಗೆ ಹತ್ತಿರದ ಹಟ್ಟಿಯ ಗಣಿ ನಿಮಗೆಲ್ಲ ಗೊತ್ತಿದ್ದದ್ದೇ. ಹಾಗೆ ಚಿನ್ನದ ಬೆನ್ನು ಹತ್ತಿ ಬಂದಿದ್ದ ಸಿ. ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಮಸ್ಕಿಯ ಗುಡ್ಡದ ಬರಹ ಬಿತ್ತು. ಹೈದರಾಬಾದಿನಲ್ಲಿ ಪುರಾತತ್ವ ಇಲಾಖೆ ಶುರುವಾಗಿ ಆಗಿನ್ನೂ ಒಂದು ವರ್ಷ. ಗುಲಾಂ ಯಜ್ದಾನಿ ಅದರ ಮುಖ್ಯಸ್ಥರು. ಓದುವ ಕೆಲಸ ಎಚ್. ಕೃಷ್ಣಶಾಸ್ತ್ರಿಗಳಿಗೆ ಹೋಯಿತು. ಹೊಸಕೋಟೆಯವರು, ನಮ್ಮವರೇ, ಭಾರತ ಸರ್ಕಾರದ ಶಾಸನ ವಿಭಾಗದಲ್ಲಿ ದೊಡ್ಡ ಹೆಸರು. ಅದೇ ವರ್ಷ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲನೇ ಸಂಪುಟವಾಗಿ ಅದು ಪ್ರಕಟವಾಯಿತು. ಮೊದಲ ಸಾಲಿನಲ್ಲೇ "ದೇವಾನಂಪಿಯಸ ಅಸೋಕಸ". ಪ್ರಿನ್ಸೆಪ್‌ನಿಂದ ಎಣಿಸಿದರೆ 78 ವರ್ಷ ಕಾದದ್ದು ನಮ್ಮ ಗುಡ್ಡದಲ್ಲಿ ಸಿಕ್ಕಿತು.

ಶಾಸನದ ಒಳಗಿನ ವಿಷಯವೂ ಚೆನ್ನಾಗಿದೆ. ತಾನು ಬುದ್ಧನ ದಾರಿ ಹಿಡಿದು ಎರಡೂವರೆ ವರ್ಷ ದಾಟಿತು, ಧರ್ಮದ ಫಲ ದೊಡ್ಡವರಿಗೆ ಮಾತ್ರ ಸಿಗುವುದಲ್ಲ, ಚಿಕ್ಕವರಿಗೂ ಸಾಧ್ಯ, ಇದನ್ನು ಇಬ್ಬರಿಗೂ ಹೇಳಿ ಅಂತ. ಆದರೆ ಈ ಬಂಡೆ ಚಕ್ಕೆ ಎದ್ದು ಬಹಳ ಕಡೆ ಸವೆದಿದೆ. ಇಲ್ಲಿಗೆ ನನ್ನ ಕತೆಗೆ ವಾಪಸ್ ಬರೋಣ.

ಸವೆದ ಕಲ್ಲಿನಿಂದ ಅಕ್ಷರವನ್ನು ಹಾಳೆಗೆ ತರುವುದು ಹೇಗೆ? ಮೊದಲಿನವರು ನೋಡಿ ಬರೆದುಕೊಳ್ಳುತ್ತಿದ್ದರು, ನಾನು ಮಾಡಿದ ಹಾಗೆ. 1800ರ ಆಸುಪಾಸಿನಲ್ಲಿ ಕಾಲಿನ್ ಮೆಕೆಂಜಿಯ ಜೊತೆ ಊರೂರು ಅಲೆದ ಕಾವಲಿ ವೆಂಕಟ ಬೋರಯ್ಯ ಮತ್ತು ಸಂಗಡಿಗರು ಹಾಗೇ ಪ್ರತಿ ಮಾಡಿದರು. ಆಮೇಲೆ ಧಾರವಾಡ ಸೀಮೆಯಲ್ಲಿದ್ದ ವಾಲ್ಟರ್ ಎಲಿಯಟ್ ಗುಮಾಸ್ತರನ್ನು ಇಟ್ಟು ಬರೆಸಿಕೊಂಡ ಕರ್ನಾಟಕದ ಶಾಸನಗಳ ಸಂಗ್ರಹದಲ್ಲಿ 595 ಶಾಸನಗಳಿದ್ದವು. ಅವರಿಲ್ಲದಿದ್ದರೆ ಎಷ್ಟೋ ಶಾಸನಗಳ ಸುಳಿವೇ ಇರುತ್ತಿರಲಿಲ್ಲ, ಅದಕ್ಕೆ ಕೈ ಮುಗಿಯಬೇಕು. ಆದರೆ ನೋಡಿ ಬರೆಯುವವನು ಓದುತ್ತಾ ಬರೆಯುತ್ತಾನೆ. ಅರ್ಥವಾಗದ ಕಡೆ ಅರ್ಥವಾಗುವ ಹಾಗೆ ಕೈ ತಾನೇ ತಿರುಗುತ್ತದೆ.

ಫೋಟೋ ಬಂದಾಗ ಎಲ್ಲರಿಗೂ ಈ ರಗಳೆ ಮುಗಿಯಿತು ಅನಿಸಿರಬೇಕು. 1865ರಲ್ಲಿ ಮೇಜರ್ ಡಿಕ್ಸನ್ ಮೈಸೂರು ಸೀಮೆಯ ಶಾಸನಗಳ ಫೋಟೋ ತೆಗೆದ. ರೈಸ್ 1879ರಲ್ಲಿ ಪ್ರಕಟಿಸಿದ ಮೈಸೂರು ಶಾಸನಗಳ ಪುಸ್ತಕಕ್ಕೆ ಆ ಫೋಟೋಗಳೇ ಆಧಾರ. ಆದರೆ ಆಮೇಲೆ ರೈಸ್ ಹೆಸರನ್ನು ಚಿರಸ್ಥಾಯಿ ಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಬರೀ ಫೋಟೋ ಮುಂದಿಟ್ಟುಕೊಂಡು ಆದದ್ದಲ್ಲ, ಊರೂರಿನಲ್ಲಿ ಕಲ್ಲಿನ ಎದುರು ನಿಂತು ಆದದ್ದು. ಎಷ್ಟು ಒಳ್ಳೆಯ ಕ್ಯಾಮೆರಾ ಆದರೂ ನೆರಳು ಸರಿಯಾಗಿ ಬೀಳದಿದ್ದರೆ ಮಾಮಾ ಹೇಳಿದ ಕತೆಯೇ.

ಉಳಿದದ್ದು ಪಡಿಯಚ್ಚು. ನೋಡಿಲ್ಲದವರಿಗೆ ಹೇಳುತ್ತೇನೆ. ಕಲ್ಲನ್ನು ನೀರು, ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ ಪಾಚಿ ಮಣ್ಣು ತೆಗೆಯುತ್ತಾರೆ. ನೀರಲ್ಲಿ ನೆನೆದ ಕಾಗದವನ್ನು ಗುಳ್ಳೆ ಬರದ ಹಾಗೆ ಕಲ್ಲಿಗೆ ಅಂಟಿಸುತ್ತಾರೆ. ಗಟ್ಟಿ ಕೂದಲಿನ ಬ್ರಷ್ಷಿನಿಂದ ಪಟಪಟ ಬಡಿಯುತ್ತಾ ಹೋದರೆ ಕಾಗದ ಪ್ರತಿ ತಗ್ಗಿನ ಒಳಗೂ ಇಳಿದು ಕೂರುತ್ತದೆ. ಸ್ವಲ್ಪ ಆರಿದ ಮೇಲೆ ಬಟ್ಟೆಯ ಉಂಡೆಗೆ ಕಪ್ಪು ಮಸಿ ಹಚ್ಚಿ ಮೇಲೆ ಮೆಲ್ಲಗೆ ತಟ್ಟುತ್ತಾರೆ. ಉಬ್ಬಿದ ಕಡೆ ಮಸಿ ಹತ್ತುತ್ತದೆ, ತಗ್ಗಿನಲ್ಲಿ ಹತ್ತುವುದಿಲ್ಲ. ಕಾಗದ ಬಿಡಿಸಿದರೆ ಕಪ್ಪು ನೆಲದ ಮೇಲೆ ಬಿಳಿ ಅಕ್ಷರ. ಜೊತೆಗೆ ಬಿಳಿ ಬಿರುಕು, ಬಿಳಿ ಚಕ್ಕೆ, ಉಳಿಯ ಏಟು ತಪ್ಪಿದ ಜಾಗ ಎಲ್ಲವೂ. ಬ್ರಷ್ಷಿಗೆ ಓದಲು ಬರುವುದಿಲ್ಲ ನೋಡಿ! ಅದಕ್ಕೆ ಅಶೋಕನೂ ಒಂದೇ, ಬಿರುಕೂ ಒಂದೇ.

ಅಷ್ಟಾದರೂ ಮನುಷ್ಯನ ಕೈ ಸುಮ್ಮನಿರಲಿಲ್ಲ. ಪುಸ್ತಕಕ್ಕೆ ಅಚ್ಚು ಹಾಕುವ ಮೊದಲು ಪಡಿಯಚ್ಚನ್ನು 'ಸ್ವಲ್ಪ ಚೊಕ್ಕ' ಮಾಡುವ ಆಸೆ. ಬಿರುಕಿಗೆ ಕಪ್ಪು ಬಳಿದರೆ ಮಾಯ, ಮಬ್ಬು ಅಕ್ಷರಕ್ಕೆ ಬಿಳಿ ತೀಡಿದರೆ ಸ್ಪಷ್ಟ. ಸ್ಟುಡಿಯೋದಲ್ಲಿ ಇದನ್ನೇ ಟಚಿಂಗ್ ಅನ್ನುತ್ತಿದ್ದರು. 1877ರಲ್ಲಿ ಕನ್ನಿಂಗ್‌ಹ್ಯಾಮ್ ಅಶೋಕನ ಶಾಸನಗಳ ಮೊದಲ ದೊಡ್ಡ ಸಂಪುಟ ತಂದಾಗ ಅದರ ಚಿತ್ರಫಲಕಗಳು ಕೈ ಬರಹದ ನಕಲಿನ ಜಾತಿಯವು. ಅಂಥ ನಕಲು ಬೇಡ, ಕೈ ತಾಗದ ಪಡಿಯಚ್ಚೇ ಅಚ್ಚಾಗಬೇಕು ಅಂತ ಹಟ ಹಿಡಿದವರಲ್ಲಿ ಮುಖ್ಯನಾದವನು ಜೆ.ಎಫ್. ಫ್ಲೀಟ್. ಬೆಳಗಾವಿ, ಧಾರವಾಡ, ಬಿಜಾಪುರದ ಕಡೆ ಅಧಿಕಾರಿಯಾಗಿದ್ದವನು, ಸಂಗೊಳ್ಳಿ ರಾಯಣ್ಣನ ಲಾವಣಿ ಬರೆದಿಟ್ಟವನು. ಅವನು ಹಟಮಾರಿ ಅಂತ ಆಗ ಕೆಲವರಿಗೆ ಅನಿಸಿರಬಹುದು. ಪಡಸಾಲೆಯಲ್ಲಿ ಬ್ರಷ್ ಹಿಡಿದು ಕೂತ ನನಗೆ ಮಾತ್ರ ಅವನ ಹಟ ಚೆನ್ನಾಗಿ ಅರ್ಥವಾಯಿತು. 1925ರಲ್ಲಿ ಕನ್ನಿಂಗ್‌ಹ್ಯಾಮನ ಸಂಪುಟದ ಜಾಗದಲ್ಲಿ ಹುಲ್ಷ್ ಹೊಸದನ್ನು ತಂದಾಗ ಮಸ್ಕಿಯೂ ಅದರಲ್ಲಿ ಸೇರಿತು.

ಇಲ್ಲಿ ಇನ್ನೊಂದು ಮಾತು ಇದೆ, ನನ್ನನ್ನು ಆ ದಿನವೆಲ್ಲ ಕಾಡಿದ ಮಾತು.

ಮಸ್ಕಿಯ ಶಾಸನ ಒಂಟಿಯಲ್ಲ. ಇದೇ ಸಂದೇಶ ಮಧ್ಯಪ್ರದೇಶದ ರೂಪನಾಥದಲ್ಲಿ, ಬಿಹಾರದ ಸಹಸ್ರಾಮ್‌ನಲ್ಲಿ, ರಾಜಸ್ಥಾನದ ಬೈರಾಟಿನಲ್ಲಿ, ಬ್ರಹ್ಮಗಿರಿಯಲ್ಲಿ ಸ್ವಲ್ಪ ಸ್ವಲ್ಪ ವ್ಯತ್ಯಾಸದಿಂದ ಇದೆ. ಆದ್ದರಿಂದ ಮಸ್ಕಿಯಲ್ಲಿ ಸವೆದುಹೋದ ಎಷ್ಟೋ ಕಡೆ ಏನಿದ್ದಿರಬೇಕು ಅಂತ ಬೇರೆ ಬಂಡೆಗಳನ್ನು ನೋಡಿ ತುಂಬಬಹುದು. ವಿದ್ವಾಂಸರು ತುಂಬುತ್ತಾರೆ ಕೂಡ, ಆದರೆ ಹಾಗೆ ತುಂಬಿದ್ದಕ್ಕೆ ಚೌಕ ಕಂಸ ಹಾಕುತ್ತಾರೆ. ಇದು ಕಲ್ಲಿನದಲ್ಲ, ನಮ್ಮದು ಅನ್ನುವ ಗುರುತು. ಈಗ ಯೋಚಿಸಿ: 1915ರಲ್ಲಿ ಆ ಹೆಸರನ್ನು ಯಾವ ಬಂಡೆ ನೋಡಿ ತುಂಬಲು ಸಾಧ್ಯವಿತ್ತು? ಗೊತ್ತಿದ್ದ ಯಾವ ಪ್ರತಿಯಲ್ಲೂ ಅದು ಇರಲಿಲ್ಲ. 'ದೇವಾನಂಪಿಯ' ಆದ ಮೇಲೆ ಓದುಗನ ಕಣ್ಣು ನಿರೀಕ್ಷಿಸುವುದು 'ಪಿಯದಸಿ'ಯನ್ನೋ ಮುಂದಿನ ವಾಕ್ಯವನ್ನೋ ಹೊರತು 'ಅಸೋಕಸ' ಅಲ್ಲ. ಮನಸ್ಸಿನ ಒಲವು ಏನೇ ಇದ್ದರೂ ಅದು ಈ ನಾಲ್ಕು ಅಕ್ಷರದ ವಿರುದ್ಧವೇ ಇತ್ತು. ಆದರೂ ಕಾಗದದ ಮೇಲೆ ಅವು ಬಂದವು.

ನನ್ನ ಸ್ಥಿತಿ ತಿರುವುಮುರುವು. ನನಗೆ ಹೆಸರು ಮೊದಲು, ಬಂಡೆ ಆಮೇಲೆ. ಹೀಗಾಗಿ ಇವತ್ತು ನಾನು ಎಷ್ಟು ಚೆಂದ ಬರೆದರೂ ನನ್ನ ಚಿತ್ರ ಯಾವುದಕ್ಕೂ ಸಾಕ್ಷಿಯಲ್ಲ. ಮಸ್ಕಿ ಪ್ರಸಿದ್ಧವಾದದ್ದೇ ಅದನ್ನು ನೋಡುವ ನಮ್ಮ ಕಣ್ಣನ್ನು ಕೆಡಿಸಿದೆ ಅನ್ನಬೇಕೇನೋ.

(ಆಮೇಲೆ ಜೊತೆ ಸಿಕ್ಕಿದೆ, ಅದನ್ನೂ ಹೇಳಬೇಕು. 1950ರ ದಶಕದಲ್ಲಿ ಮಧ್ಯಪ್ರದೇಶದ ಗುಜ್ಜರಾದಲ್ಲಿ, 1970ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೊಳಂನಲ್ಲಿ ಅಶೋಕನ ಹೆಸರಿರುವ ಶಾಸನಗಳು ಸಿಕ್ಕವು. ಸಿಂಧನೂರಿನಿಂದ ದಢೇಸೂಗೂರಿನ ಹತ್ತಿರ ತುಂಗಭದ್ರೆ ದಾಟಿದರೆ ಸಿರುಗುಪ್ಪ ತಾಲ್ಲೂಕು, ಅಲ್ಲೇ ಈ ಎರಡು ಊರುಗಳಿರುವುದು. ಅಂದರೆ ಅಶೋಕ ತನ್ನ ಹೆಸರನ್ನು ಧಾರಾಳವಾಗಿ ಬರೆಸಿದ್ದು ನಮ್ಮ ನೀರಿನ ಆಸುಪಾಸಿನಲ್ಲೇ. ಒಂದು ಅಂಕದ ಪ್ರಶ್ನೆಗೆ ಈಗ ನಾಲ್ಕು ಸರಿ ಉತ್ತರ. ಮೇಷ್ಟ್ರುಗಳು ಗಮನಿಸಿ :) )

ಇದನ್ನೆಲ್ಲ ಮಾಮಾನಿಗೆ ಹೇಳಿದೆ. ಸುಮ್ಮನೆ ಕೇಳಿದರು. ಆಮೇಲೆ ಎದುರಿನ ಗೋಡೆಯ ಕಡೆ ಗದ್ದ ಎತ್ತಿ ತೋರಿಸಿದರು. ಅಲ್ಲಿ ಅಜ್ಜಿಯ ಚಿತ್ರ ಇದೆ, ಮಾಮಾ ಬರೆದದ್ದೇ. ಹಸಿರು ಇಳಕಲ್ ಸೀರೆ, ನೇರ ನೋಡುವ ದೊಡ್ಡ ಕಣ್ಣು. ನಮ್ಮ ಮನೆಯಲ್ಲಿ, ಚಿಕ್ಕಮ್ಮನ ಮನೆಯಲ್ಲಿ ಇರುವುದೆಲ್ಲ ಅದರದೇ ಫೋಟೋ. ನಾನು ಹುಟ್ಟುವ ಮೊದಲೇ ಅಜ್ಜಿ ಹೋಗಿದ್ದರು. ನನಗೆ ಅಜ್ಜಿ ಅಂದರೆ ಆ ಕಣ್ಣು.

"ಅವ್ವಂದು ಒಂದೇ ಫೋಟೋ ಇತ್ತು. ಮದುವ್ಯಾಗ ತಗದದ್ದು. ಅದರಾಗ ಕಣ್ಣು ಮುಚ್ಯಾಳ."

"ಮತ್ತ ಈ ಕಣ್ಣು?"

"ಚಿಗವ್ವಂದು. ಅಕ್ಕ ತಂಗಿ ಒಂದೇ ಥರಾ ಇದ್ರು ಅಂತಿದ್ರು ಎಲ್ಲಾರೂ. ಆಕಿನ್ನ ಮುಂದ ಕುಂಡ್ರಿಸಿಕೊಂಡು ಬರದೆ."

ನನಗೆ ಮಾತೇ ಹೊರಡಲಿಲ್ಲ. ಮೂವತ್ತು ಚಿಲ್ಲರೆ ವರ್ಷ ನಾನು ಅಜ್ಜಿ ಅಂದುಕೊಂಡು ಕೈ ಮುಗಿದದ್ದು ಅರ್ಧ ಅಜ್ಜಿಯ ತಂಗಿಗೆ. ಮಾಮಾನ ಮೇಲೆ ಸಿಟ್ಟೇನೂ ಬರಲಿಲ್ಲ. ಮುಚ್ಚಿದ ಕಣ್ಣಿನ ಚಿತ್ರವನ್ನು ಯಾರು ಗೋಡೆಗೆ ಹಾಕುತ್ತಾರೆ? ಬ್ರಹ್ಮಗಿರಿ ನೋಡಿ ಮಸ್ಕಿ ತುಂಬುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಕಂಸ ಒಂದು ಹಾಕಿಲ್ಲ ಅಷ್ಟೇ.

ಫೋಟೋದ ಮೇಲೆ ಬಣ್ಣದ ಕೈಯಾಡಿಸುವುದು ನಮ್ಮ ಕಡೆ ಯಾವತ್ತೂ ಮೋಸ ಅನಿಸಿಕೊಂಡಿರಲಿಲ್ಲ. ಫೋಟೋ ಬಂದ ಸ್ವಲ್ಪ ಕಾಲಕ್ಕೇ ಅರಮನೆಗಳಲ್ಲಿ ಅದಕ್ಕೆ ಬಣ್ಣ ಹಚ್ಚುವ ಕಲಾವಿದರು ಬಂದರು. ಒಡವೆಗೆ ಚಿನ್ನದ ಬಣ್ಣ, ಹಿಂದೆ ಇಲ್ಲದ ಪರದೆ, ನೆಲಕ್ಕೆ ಇಲ್ಲದ ಜಮಖಾನ. ರಾಯಚೂರು ಸೀಮೆ ನಿಜಾಮನ ಕೈಕೆಳಗೆ ಇದ್ದಾಗ ಹೈದರಾಬಾದಿನಲ್ಲಿ ಇಡೀ ಭಾರತಕ್ಕೇ ಹೆಸರಾದ ಲಾಲಾ ದೀನ್ ದಯಾಳ್ ಎಂಬ ಫೋಟೋಗ್ರಾಫರ್ ಇದ್ದರು. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಅವರಿಗೆ ಕೊಟ್ಟ ಬಿರುದು 'ಮುಸವ್ವಿರ್ ಜಂಗ್'. ಉರ್ದುವಿನಲ್ಲಿ ಮುಸವ್ವಿರ್ ಅಂದರೆ ಚಿತ್ರಕಾರ. ಕ್ಯಾಮೆರಾ ಹಿಡಿದವನಿಗೂ ಬ್ರಷ್ ಹಿಡಿದವನಿಗೂ ಅಲ್ಲಿ ಒಂದೇ ಪದ.

ಅಶೋಕನಿಗೂ ಒಂದು ಹೀಗೆ ಆಗಿದೆ. ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರ, ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಲ್ಲಿ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತಲ್ಲ, ಅದರಲ್ಲಿ ರಾಜ ರಾಣಿ ಪರಿವಾರ ಇರುವ ಒಂದು ಫಲಕ ಇದೆ, ಮೇಲೆ "ರಾಯ ಅಸೋಕೋ" ಅಂತ ಬರೆದಿದೆ. ಅಶೋಕ ಸತ್ತು ಎಷ್ಟೋ ತಲೆಮಾರಾದ ಮೇಲೆ, ಅವನನ್ನು ಕಾಣದ ಶಿಲ್ಪಿ ಮಾಡಿದ್ದು. ಯಾರ ಮುಖ ನೋಡಿ ಮಾಡಿದನೋ. ಆದರೆ ಪುಣ್ಯಾತ್ಮ ಹೆಸರು ಬರೆದಿಟ್ಟ. ಇಲ್ಲದಿದ್ದರೆ ಯಾವುದೋ ಒಬ್ಬ ರಾಜ ಅಂದುಕೊಂಡು ಮುಂದೆ ಹೋಗುತ್ತಿದ್ದೆವು. ಒಂದು ಕಡೆ ಅವನ ಮಾತಿದೆ, ಮುಖ ಇಲ್ಲ. ಇನ್ನೊಂದು ಕಡೆ ಮುಖ ಇದೆ, ಅದು ಅವನದಲ್ಲ. ಎರಡೂ ಕಡೆ ನಮಗೆ ದಾರಿ ತೋರಿಸಿದ್ದು ಅದೇ ಹೆಸರು.

ಚಿತ್ರಕ್ಕೆ ಏನು ಮಾಡಿದೆ ಅಂತ ಕೇಳುತ್ತೀರಿ. ಜಲವರ್ಣದಲ್ಲಿ ಒಂದು ಅನುಕೂಲ, ಒದ್ದೆ ಬ್ರಷ್ಷಿನಿಂದ ಉಜ್ಜಿದರೆ ಒಂದಷ್ಟು ಎದ್ದು ಬರುತ್ತದೆ. ನಾಲ್ಕು ಅಕ್ಷರ ಉಜ್ಜಿದೆ. ಪೂರ್ತಿ ಹೋಗಲಿಲ್ಲ, ಮಬ್ಬಾಗಿ ಉಳಿದವು. ನೋಡಿದರೆ ಈಗಲೇ ಬಂಡೆಯ ಹಾಗೆ ಕಾಣುತ್ತಿದೆ, ಅದೊಂದು ತಮಾಷೆ. ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ತಾರೀಖು ಹಾಕಿ, "ಮೊದಲ ಸಾಲಿನ ಕೊನೆಯ ನಾಲ್ಕು ಅಕ್ಷರ ಫೋಟೋದಲ್ಲಿ ಕಂಡಿಲ್ಲ" ಅಂತ ಬರೆದೆ. ಮಾಮಾ ಅದನ್ನು ಓದಿದರು. ಸ್ಟೂಲ್ ತಂದು ಅಜ್ಜಿಯ ಚಿತ್ರ ಇಳಿಸಿ ತಿರುಗಿಸಿದರು. ಹಿಂದೆ ರಟ್ಟು, ರಟ್ಟಿನ ಮೇಲೆ ಜೇಡ, ಧೂಳು. ಏನೂ ಬರೆದಿರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತಿದ್ದರು. ನನ್ನ ಪೆನ್ಸಿಲ್ ಕೇಳಬಹುದು ಅಂದುಕೊಂಡೆ. ಕೇಳಲಿಲ್ಲ. ಧೂಳು ಒರೆಸಿ ಮತ್ತೆ ಗೋಡೆಗೆ ಹಾಕಿದರು.

ಈಗ ಶಾಸನಗಳ ಫೋಟೋಕ್ಕೆ ಬೇರೆ ಬೇರೆ ಉಪಾಯ ಬಂದಿವೆ. ದೀಪವನ್ನು ಸುತ್ತಲೂ ಬೇರೆ ಬೇರೆ ಕೋನದಲ್ಲಿಟ್ಟು ಹತ್ತಾರು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಸೇರಿಸುತ್ತಾರೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ನಡೆಸಿದ್ದಾರೆ. ಸವೆದ ಅಕ್ಷರದ ಆಳವನ್ನು ಯಂತ್ರವೇ ಅಳೆಯುತ್ತದೆ. ಕಲ್ಲನ್ನು ಮುಟ್ಟುವುದೂ ಬೇಡ, ಮಸಿಯೂ ಬೇಡ. ಮಾಮಾನಿಗೆ ವಿಡಿಯೋ ತೋರಿಸಿದೆ. "ನಾ ಹೇಳಿದ್ದ ಅದು, ಬೆಳಕು ಬಾಜೂಕ ಹಿಡೀಬೇಕು" ಅಂದರು.

ಬರುವ ದೀಪಾವಳಿಗೆ ಊರಿಗೆ ಹೋದಾಗ ಇಬ್ಬರೂ ಮಸ್ಕಿಗೆ ಹೋಗುವುದು ಅಂತ ಮಾತಾಗಿದೆ, ಸಂಜೆ ಹೊತ್ತಿಗೆ. ಮಾಮಾ ಮನೆಯ ದೊಡ್ಡ ಬ್ಯಾಟರಿ ತರುತ್ತಾರಂತೆ. ನನ್ನ ಮೊಬೈಲ್ ಟಾರ್ಚಿನ ಮೇಲೆ ಅವರಿಗೆ ನಂಬಿಕೆ ಇಲ್ಲ.